ಕಪಾಟಿನ ಹಿಂದಿನ ಸಾಲು

ತಾಲ್ಲೂಕು ಕೇಂದ್ರದ ಯಾವುದಾದರೂ ಹಳೆಯ ಪದವಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಹೋಗಿ ನೋಡಿ. ಉದ್ದನೆಯ ಮೇಜಿನ ಮೇಲೆ ಸಾಲಾಗಿ ನಿಂತ ರಿಯಾಜೆಂಟ್ ಬಾಟಲಿಗಳ ಭುಜದ ಮೇಲೆ ತೆಳ್ಳನೆಯ ಬಿಳಿ ಪುಡಿ ಕೂತಿರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ನಾಲ್ಕು ದಿನಕ್ಕೆ ಮತ್ತೆ ಬರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಯನ್ನೂ ಅಮೋನಿಯಾ ಬಾಟಲಿಯನ್ನೂ ಅಕ್ಕಪಕ್ಕ ಇಟ್ಟರೆ ಎರಡರ ಆವಿ ಗಾಳಿಯಲ್ಲೇ ಕೂಡಿಕೊಂಡು ಅಮೋನಿಯಂ ಕ್ಲೋರೈಡ್ ಆಗುತ್ತದೆ. ಈ ಪುಡಿ ಅದೇ. ಆ ಕೋಣೆಯಲ್ಲಿ ದಿನವೂ ಕೆಲಸ ಮಾಡುವವರು ಏನನ್ನು ಉಸಿರಾಡುತ್ತಿದ್ದಾರೆ ಎಂಬುದು ಬಾಟಲಿಗಳ ಮೇಲೆಯೇ ಕಾಣುತ್ತಿರುತ್ತದೆ.

ಲ್ಯಾಬಿನ ಒಳಗಡೆ ಸ್ಟೋರ್ ರೂಮು. ಅಲ್ಲಿನ ಕಬ್ಬಿಣದ ಕಪಾಟಿನ ಮುಂದಿನ ಸಾಲಿನಲ್ಲಿ ಈ ವರ್ಷದ ಇಂಡೆಂಟಿನಲ್ಲಿ ಬಂದ ಬಾಟಲಿಗಳಿರುತ್ತವೆ. ನಾನು ಹೇಳಬೇಕಾಗಿರುವುದು ಹಿಂದಿನ ಸಾಲಿನ ಬಗ್ಗೆ. ಅಲ್ಲಿ ಲೇಬಲ್ಲುಗಳು ಆಮ್ಲದ ಆವಿಗೆ ಕಂದಿ, ಅಕ್ಷರಗಳು ಅಳಿಸಿಹೋಗಿರುತ್ತವೆ. ಮುಚ್ಚಳಗಳು ತುಕ್ಕು ಹಿಡಿದು ಬಾಟಲಿಯ ಕತ್ತಿಗೆ ಅಂಟಿಕೊಂಡಿರುತ್ತವೆ. ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿದ್ದರಿಂದ, ಬೆಂಕಿ ಹಿಡಿಯುವ ಅಸಿಟೋನೂ ಬೆಂಕಿಗೆ ಆಮ್ಲಜನಕ ಒದಗಿಸುವ ಅಮೋನಿಯಂ ನೈಟ್ರೇಟೂ ಒಂದೇ ಹಲಗೆಯ ಮೇಲಿರುತ್ತವೆ. ಇಪ್ಪತ್ತು, ಮೂವತ್ತು ವರ್ಷದಿಂದ ಯಾರೂ ಕೈಯಿಡದ ಬಾಟಲಿಗಳು ಅಲ್ಲಿ ಸಿಗುತ್ತವೆ.

ಧಾರವಾಡ ಸೀಮೆಯ ಒಂದು ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದ ನನ್ನ ಪರಿಚಯದ ಹುಡುಗಿಯೊಬ್ಬಳು ಮೊದಲ ವಾರವೇ ಈ ಕಪಾಟು ತೆಗೆದಳಂತೆ. ಹಿಂದಿನಿಂದ ಅಟೆಂಡರ್ ಓಡಿ ಬಂದು, "ಮೇಡಮ್ಮಾರ, ಆ ಕಂದು ಬಾಟ್ಲಿಗೆ ಕೈ ಹಚ್ಚಬ್ಯಾಡ್ರಿ. ನಾ ಕೆಲಸಕ್ಕ ಬಂದಾಗಿಂದ ಅದು ಹಂಗ ಐತಿ. ಹಿಂದಿನ ಸರ್ ಹೇಳಿ ಹೋಗ್ಯಾರ," ಎಂದರಂತೆ. ಏನಿದೆ ಅದರಲ್ಲಿ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಹೇಳಿ ಹೋದ ಸರ್ ನಿವೃತ್ತರಾಗಿ ಎಷ್ಟೋ ವರ್ಷಗಳಾಗಿವೆ. ಸ್ಟಾಕ್ ರಿಜಿಸ್ಟರಿನಲ್ಲಿ ಬಾಟಲಿಗಳ ಎಣಿಕೆ ಮಾತ್ರ ಸರಿಯಾಗಿದೆ.

ಸಣ್ಣ ಕಾಲೇಜುಗಳಲ್ಲಿ ಸುರಕ್ಷತೆಯ ವ್ಯವಸ್ಥೆ ಎಂದರೆ ಬಹುಪಾಲು ಕಡೆ ಈ ಅಟೆಂಡರ್ ಒಬ್ಬರ ನೆನಪು. ಯಾವ ಬಾಟಲಿ ಮುಟ್ಟಬಾರದು, ಯಾವ ಸ್ವಿಚ್ಚು ಶಾಕ್ ಹೊಡೆಯುತ್ತದೆ, ಯಾವ ಬರ್ನರಿನ ಟ್ಯೂಬು ಸೀಳಿದೆ, ಎಲ್ಲವೂ ಅವರ ತಲೆಯಲ್ಲಿ. ಬೆರಳ ತುದಿಗಳು ಸಿಲ್ವರ್ ನೈಟ್ರೇಟಿನಿಂದ ಕಪ್ಪಾಗಿ, ನೈಟ್ರಿಕ್ ಆಮ್ಲದಿಂದ ಹಳದಿಗಟ್ಟಿರುತ್ತವೆ. ಅವರು ನಿವೃತ್ತರಾದ ದಿನ ಆ ನೆನಪೆಲ್ಲ ಅವರ ಜೊತೆಗೇ ಹೊರಟುಹೋಗುತ್ತದೆ. ಅವರ ಜಾಗಕ್ಕೆ ಹೊರಗುತ್ತಿಗೆಯಲ್ಲಿ ಬಂದವರು ಮುಂದಿನ ವರ್ಷ ಇರುತ್ತಾರೆಂಬ ಖಾತ್ರಿಯಿಲ್ಲ. ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೂ ಅದೇ ಅನಿಶ್ಚಿತತೆ. ಕಪಾಟಿನ ಬಾಟಲಿಗಳು ಮಾತ್ರ ಕಾಯಂ.

ಕೆಲವು ಬಾಟಲಿಗಳ ಗುಣವನ್ನು ಬಿಡಿಸಿ ಹೇಳಬೇಕು. ಜೀವಶಾಸ್ತ್ರದ ವಿಭಾಗಗಳಲ್ಲಿ ಅಂಗಾಂಶಗಳನ್ನು ಕೆಡದಂತೆ ಇಡಲು ಬಳಸುವ ಬೂಯಿನ್ ದ್ರಾವಣಕ್ಕೆ ಪಿಕ್ರಿಕ್ ಆಮ್ಲ ಬೇಕು. ಅಂಗಡಿಯಿಂದ ಅದು ನೀರಿನಲ್ಲಿ ನೆನೆದೇ ಬರುತ್ತದೆ, ಹಾಗೆ ನೆನೆದಿರುವಷ್ಟು ಕಾಲ ತಕರಾರಿಲ್ಲ. ವರ್ಷಗಟ್ಟಲೆ ಇಟ್ಟು ನೀರು ಆರಿದರೆ ಉಳಿಯುವ ಹಳದಿ ಹರಳು ಸ್ಫೋಟಕ ವಸ್ತು. ಲೋಹದ ಮುಚ್ಚಳವಿದ್ದರಂತೂ ಅದು ಲೋಹದೊಡನೆ ಸೇರಿ ಇನ್ನೂ ಸೂಕ್ಷ್ಮವಾದ ಲವಣವಾಗುತ್ತದೆ, ಮುಚ್ಚಳ ತಿರುಗಿಸುವ ತಿಕ್ಕಾಟವೇ ಸಾಕಾಗಬಹುದು. ಆಲ್ಡಿಹೈಡ್, ಕೀಟೋನ್ ಪತ್ತೆಗೆ ಬಿಎಸ್ಸಿ ಮಕ್ಕಳೆಲ್ಲ ಬಳಸುವ 2,4-ಡಿಎನ್‌ಪಿ ಇದೆಯಲ್ಲ, ಅದೂ ಒಣಗಿದರೆ ಇದೇ ಜಾತಿ. 2016ರ ಕೊನೆಯಲ್ಲಿ ಬ್ರಿಟನ್ನಿನ ನೂರಾರು ಶಾಲೆಗಳಿಗೆ ಸೇನೆಯ ಬಾಂಬ್ ನಿಷ್ಕ್ರಿಯ ತಂಡಗಳು ಹೋಗಬೇಕಾಗಿ ಬಂದದ್ದು ಈ ಒಂದು ಪುಡಿಗಾಗಿ. ಹಳೆಯ ದಾಸ್ತಾನು ಒಣಗಿರಬಹುದು, ಪರೀಕ್ಷಿಸಿಕೊಳ್ಳಿ ಎಂದು ಅಲ್ಲಿನ ಶಾಲಾ ವಿಜ್ಞಾನ ಸಲಹಾ ಸಂಸ್ಥೆ ಕ್ಲಿಯಾಪ್ಸ್ ಸುತ್ತೋಲೆ ಕಳಿಸಿತು. ಶಾಲೆಗಳು ಕಪಾಟು ತೆಗೆದು ನೋಡಿದವು, ಸಂಶಯ ಬಂದ ಕಡೆ ಫೋನ್ ಮಾಡಿದವು. ನಮ್ಮ ಲ್ಯಾಬುಗಳಲ್ಲೂ ಅದೇ ಪುಡಿ ಇದೆ, ನಮ್ಮ ಬೇಸಿಗೆ ಅವರದ್ದಕ್ಕಿಂತ ಬಿರುಸು. ಅಂಥ ಸುತ್ತೋಲೆ ಕಳಿಸುವವರು ನಮ್ಮಲ್ಲಿ ಯಾರು?

ಈಥರ್ ಕೂಡ ಹಾಗೆಯೇ. ಸೀಲು ಒಡೆದ ಮೇಲೆ ಗಾಳಿಯ ಸಂಪರ್ಕದಲ್ಲಿ ನಿಧಾನವಾಗಿ ಪೆರಾಕ್ಸೈಡುಗಳು ಹುಟ್ಟುತ್ತವೆ. ಅಂಥ ಹಳೆಯ ಈಥರನ್ನು ಭಟ್ಟಿ ಇಳಿಸಲು ಹೋದರೆ ತಳ ಆರುವ ಹೊತ್ತಿಗೆ ಸಿಡಿಯಬಹುದು. ಸೀಲು ಒಡೆದ ದಿನವೇ ಬಾಟಲಿಯ ಮೇಲೆ ತಾರೀಖು ಬರೆದಿಟ್ಟರೆ ಅರ್ಧ ಅಪಾಯ ತಪ್ಪುತ್ತದೆ. ಪೆನ್ನು, ಒಂದು ತುಂಡು ಟೇಪು, ಇಷ್ಟೇ ಖರ್ಚು. ಟಾಲೆನ್ಸ್ ರಿಯಾಜೆಂಟನ್ನು ಆಗಿಂದಾಗ್ಗೆ ತಯಾರಿಸಿ ಉಳಿದದ್ದನ್ನು ಕೂಡಲೇ ದುರ್ಬಲ ಆಮ್ಲ ಹಾಕಿ ಕೆಡಿಸಿಬಿಡಬೇಕು. ನಾಳೆಯ ಬ್ಯಾಚಿಗೆ ಇರಲಿ ಎಂದು ಎತ್ತಿಟ್ಟರೆ ತಳದಲ್ಲಿ ಸ್ಫೋಟಕ ಬೆಳ್ಳಿಯ ಸಂಯುಕ್ತ ಕೂರುತ್ತದೆ. ಬೆಳ್ಳಿಯ ಉಪ್ಪು ದುಬಾರಿ, ಕಾಲೇಜಿನ ಅನುದಾನ ಸಣ್ಣದು. ಹಾಗಾಗಿ ಎತ್ತಿಡುವುದು ಉಳಿತಾಯ ಬಲ್ಲ ಕೈಯ ಸಹಜ ಕೆಲಸ. ಅದನ್ನು ಅಜಾಗರೂಕತೆ ಎನ್ನುವುದಕ್ಕೆ ನನಗೆ ಮನಸ್ಸಿಲ್ಲ. ಅದು ಅಪಾಯ ಎಂದು ಆ ಕೈಗೆ ಯಾರಾದರೂ ಹೇಳಿದ್ದರೇ ಎಂಬುದನ್ನು ಮೊದಲು ಕೇಳಬೇಕು.

ಕೆಟ್ಟ ಬಾಟಲಿ ಎಂದು ಗೊತ್ತಾದ ಮೇಲೂ ಅದು ಕಪಾಟಿನಿಂದ ಇಳಿಯುವುದಿಲ್ಲ. ಅದಕ್ಕೆ ಕಾರಣ ರಸಾಯನಶಾಸ್ತ್ರದಲ್ಲಿ ಹುಡುಕಿದರೆ ಸಿಗದು, ಲೆಕ್ಕಪತ್ರದಲ್ಲಿದೆ. ಸರ್ಕಾರದ ದುಡ್ಡಿನಲ್ಲಿ ಕೊಂಡದ್ದು ರಿಜಿಸ್ಟರಿನಲ್ಲಿರಬೇಕು, ರಿಜಿಸ್ಟರಿನಲ್ಲಿರುವುದು ಕಪಾಟಿನಲ್ಲಿರಬೇಕು. ಆಡಿಟ್ ಪಾರ್ಟಿ ಬಂದಾಗ ಒಂದು ಬಾಟಲಿ ಕಡಿಮೆಯಾದರೆ ವಿಭಾಗದ ಮುಖ್ಯಸ್ಥರು ಉತ್ತರ ಕೊಡಬೇಕು. ನಿವೃತ್ತಿಯ ಹೊಸ್ತಿಲಲ್ಲಿರುವವರಿಗೆ ಬೇಬಾಕಿ ಪತ್ರದ ಚಿಂತೆ. ರೈಟ್ ಆಫ್ ಮಾಡಿಸಲು ಸಮಿತಿ, ಟಿಪ್ಪಣಿ, ಮೇಲಿನ ಕಚೇರಿಯ ಮಂಜೂರಾತಿ ಎಂದು ಓಡಾಡಬೇಕು. ಅಷ್ಟೆಲ್ಲ ಆದ ಮೇಲೂ ಬಾಟಲಿಯನ್ನು ಎಲ್ಲಿಗೆ ಕಳಿಸುವುದು? ಮುರಿದ ಕುರ್ಚಿಯನ್ನಾದರೆ ಹರಾಜು ಹಾಕಬಹುದು. ಇಟ್ಟುಕೊಂಡವರನ್ನು ಯಾರೂ ಪ್ರಶ್ನಿಸುವುದಿಲ್ಲ, ವಿಲೇವಾರಿಗೆ ಹೊರಟವರನ್ನು ಎಲ್ಲರೂ ಪ್ರಶ್ನಿಸುತ್ತಾರೆ. ಆದ್ದರಿಂದ ಬಾಟಲಿ ಹಿಂದಿನ ಸಾಲಿಗೆ ಸರಿಯುತ್ತದೆ.

ಈ ಗಂಟು ನಮಗೊಬ್ಬರಿಗೇ ಬಿದ್ದದ್ದಲ್ಲ. ಅಮೆರಿಕದ ಸಣ್ಣ ಕಾಲೇಜುಗಳೂ ಇದರಲ್ಲೇ ಸಿಕ್ಕಿಕೊಂಡಿದ್ದವು. ಅಲ್ಲಿ ಒಂದು ತಿಂಗಳಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ಅಪಾಯಕಾರಿ ತ್ಯಾಜ್ಯ ಹೊರಹಾಕಿದರೆ ದೊಡ್ಡ ಉತ್ಪಾದಕರ ಪಟ್ಟಿಗೆ ಸೇರಬೇಕು, ಸೇರಿದರೆ ಕಟ್ಟುನಿಟ್ಟಿನ ನಿಯಮಗಳೆಲ್ಲ ಹೆಗಲೇರುತ್ತವೆ. ಹಳೆಯ ಕಪಾಟನ್ನು ಒಮ್ಮೆಗೇ ಖಾಲಿ ಮಾಡಿದ ಸಣ್ಣ ಕಾಲೇಜು ಆ ತಿಂಗಳ ಮಟ್ಟಿಗೆ ದೊಡ್ಡ ಉತ್ಪಾದಕರ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು. ಹಾಗಾಗಿ ಸ್ವಚ್ಛ ಮಾಡದೆ ಇರುವುದೇ ಕ್ಷೇಮವಾಯಿತು. 2008ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ಕಂಡುಕೊಂಡು ಕಾಲೇಜು ಪ್ರಯೋಗಾಲಯಗಳಿಗೆಂದೇ ಬೇರೆ ನಿಯಮ ತಂದಿತು. ಆ ದಾರಿಯನ್ನು ಆಯ್ದುಕೊಂಡ ಕಾಲೇಜು ಪ್ರತಿ ಲ್ಯಾಬನ್ನೂ 12 ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಬಹುದು. ಅದಕ್ಕೆ 30 ದಿನ ಕಾಲಾವಕಾಶ, ಆಗ ಹೊರಬಂದ, ಬಳಸದೆ ಉಳಿದ ರಾಸಾಯನಿಕಗಳ ತ್ಯಾಜ್ಯ ಉತ್ಪಾದಕರ ವರ್ಗೀಕರಣದ ಲೆಕ್ಕಕ್ಕೆ ಬರುವುದಿಲ್ಲ. ಕಾಯ್ದೆಯ ಒಂದು ಗಂಟನ್ನು ಸಡಿಲಿಸಿದರೆ ಕಪಾಟುಗಳು ತಾವಾಗಿ ತೆರೆದುಕೊಳ್ಳುತ್ತವೆ ಎಂಬ ನಂಬಿಕೆ ಅದರ ಹಿಂದಿದೆ. ನಮ್ಮ ಕಾಲೇಜು ಶಿಕ್ಷಣ ಇಲಾಖೆ ಎರವಲು ಪಡೆಯಬೇಕಾದದ್ದು ಇದನ್ನೇ. ವರ್ಷಕ್ಕೊಂದು ತಿಂಗಳು, ಅವಧಿ ಮುಗಿದ ರಾಸಾಯನಿಕಗಳನ್ನು ಪ್ರಾಂಶುಪಾಲರ ಸಹಿಯ ಮೇಲೇ ರಿಜಿಸ್ಟರಿನಿಂದ ಇಳಿಸುವ ಅಧಿಕಾರ ಕೊಡಲಿ.

ಇಟ್ಟುಕೊಳ್ಳುವುದು ಅಪಾಯ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಹೊರಹಾಕುವುದೂ ಆಗದು. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಗಾಮಾ ವಿಕಿರಣದ ಪ್ರಯೋಗಗಳಿಗೆ ತರಿಸಿದ್ದ ಯಂತ್ರವೊಂದು 1985ರಿಂದ ಬಳಕೆಯಿಲ್ಲದೆ ಕೋಣೆಯಲ್ಲಿ ಕೂತಿತ್ತು. ಅದರ ಹೊಟ್ಟೆಯಲ್ಲಿ ಕೋಬಾಲ್ಟ್-60. 2010ರ ಫೆಬ್ರುವರಿಯಲ್ಲಿ ಅದು ಹಳೆಯ ಸಾಮಾನಿನ ಹರಾಜಿನಲ್ಲಿ ಗುಜರಿಗೆ ಹೋಯಿತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಸೀಸದ ಕವಚ ಬಿಚ್ಚಿ, ಒಳಗಿನ ಲೋಹವನ್ನು ತುಂಡು ಮಾಡಿದರು. ಹೊಳೆಯುವ ಆ ತುಂಡುಗಳು ಕೈಯಿಂದ ಕೈಗೆ ಹೋದವು. ಏಪ್ರಿಲ್ ಹೊತ್ತಿಗೆ ಚರ್ಮ ಸುಟ್ಟು, ಕೂದಲು ಉದುರಿ ಜನ ಆಸ್ಪತ್ರೆ ಸೇರಿದರು. ಕಾರ್ಮಿಕರೊಬ್ಬರು ಸತ್ತರು. ಕೋಬಾಲ್ಟ್-60ರ ಅರ್ಧಾಯುಷ್ಯ ಐದು ವರ್ಷ ಮೂರು ತಿಂಗಳ ಆಸುಪಾಸು. ಮೂಲೆಗೆ ಬಿದ್ದ 25 ವರ್ಷದಲ್ಲಿ ಅದು ಹೆಚ್ಚುಕಡಿಮೆ ಐದು ಸಲ ಅರ್ಧಕ್ಕರ್ಧ ಇಳಿದಿತ್ತು, ಆದರೂ ಜೀವ ತೆಗೆಯುವಷ್ಟು ಉಳಿದಿತ್ತು. ಅಷ್ಟು ದೊಡ್ಡ ವಿಶ್ವವಿದ್ಯಾಲಯದಲ್ಲಿ, ಅದರ ಒಳಗೆ ಏನಿದೆ ಎಂದು ಬಲ್ಲವರ ತಿಳಿವಳಿಕೆ ಹರಾಜಿನ ಕಾಗದದವರೆಗೆ ತಲುಪಲೇ ಇಲ್ಲ. ತಪ್ಪಿನ ಫಲ ಉಂಡವರು ಕಾಲೇಜಿನ ಮೆಟ್ಟಿಲನ್ನೇ ಹತ್ತದ ಕೂಲಿಕಾರರು. ಮಾಯಾಪುರಿಯ ವಿಷಯ ಬಂದಾಗಲೆಲ್ಲ ನನಗೆ ಸಂಕಟವಾಗುವುದು ಇದಕ್ಕೆ.

ಕಾಲೇಜಿನ ಗೋಡೆಯ ಆಚೆಗೂ ಲ್ಯಾಬು ಹರಿಯುತ್ತದೆ. ಒಳಚರಂಡಿ ಇಲ್ಲದ ಊರುಗಳಲ್ಲಿ ಸಿಂಕಿನ ಪೈಪು ಕಟ್ಟಡದ ಹಿಂದಿನ ಮೋರಿಗೋ ಇಂಗುಗುಂಡಿಗೋ ಹೋಗುತ್ತದೆ. ಪೈಪಿನ ಬಾಯಿಯ ಬಳಿ ಸಿಮೆಂಟಿನ ಮೇಲೆ ನೀಲಿ ಮಿಶ್ರಿತ ಹಸಿರು ಕಲೆ ಕಂಡರೆ ಅದು ತಾಮ್ರ. ಅದರ ಜೊತೆಗೆ ಹೋದ ಕ್ರೋಮಿಯಂ, ಸೀಸ, ಬೇರಿಯಂಗಳ ಗುರುತು ಕಣ್ಣಿಗೆ ಬೀಳುವುದಿಲ್ಲ. ಅಮೋನಿಯಂ ಪತ್ತೆಗೆ ಹಾಕುವ ನೆಸ್ಲರ್ ರಿಯಾಜೆಂಟಿನಲ್ಲಿ ಇರುವುದು ಪಾದರಸ. ಪಾದರಸದ ಬಳಕೆ ಇಳಿಸುವ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅಂಗೀಕರಿಸಿತು. ನಮ್ಮ ಪ್ರಾಕ್ಟಿಕಲ್ ಮ್ಯಾನ್ಯುಯಲ್ಲುಗಳಿಗೆ ಆ ಸುದ್ದಿ ಇನ್ನೂ ಮುಟ್ಟಬೇಕಿದೆ. ಅದೇ ಆವರಣದಲ್ಲಿ ಕಾಲೇಜಿನ ಬೋರ್‌ವೆಲ್ ಇರುತ್ತದೆ, ಮಕ್ಕಳು ಕುಡಿಯುವುದು ಅದರ ನೀರನ್ನೇ.

ಉಸಿರಿನ ವಿಷಯಕ್ಕೆ ಬಂದರೆ ಕಿಪ್ ಉಪಕರಣದ ಹೈಡ್ರೋಜನ್ ಸಲ್ಫೈಡ್ ನೆನಪಾಗದ ವಿಜ್ಞಾನ ಪದವೀಧರರಿಲ್ಲ. ಕೊಳೆತ ಮೊಟ್ಟೆಯ ಆ ವಾಸನೆಯನ್ನು ಎಲ್ಲರೂ ನಗುತ್ತಾ ನೆನೆಯುತ್ತಾರೆ. ಆದರೆ ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ ನೂರು ಭಾಗದ ಹತ್ತಿರ ಬಂದರೆ ಮೂಗಿನ ನರವೇ ಸೋತು ವಾಸನೆ ನಿಂತುಹೋಗುತ್ತದೆ. ವಾಸನೆ ಹೋಯಿತು ಎಂದು ನಿರಾಳವಾಗುವ ಆ ಗಳಿಗೆಯೇ ಅತ್ಯಂತ ಕೆಟ್ಟ ಗಳಿಗೆ. ಎಕ್ಸಾಸ್ಟ್ ಫ್ಯಾನು ಕೆಟ್ಟು ಗುಬ್ಬಿ ಗೂಡು ಕಟ್ಟಿರುವ ಲ್ಯಾಬುಗಳಲ್ಲಿ ಇದನ್ನು ಬಾಗಿಲ ಮೇಲೆ ಬರೆದು ಹಾಕಬೇಕು. ಹನಿಹನಿಯಲ್ಲಿ ಮಾಡುವ ಅರೆಸೂಕ್ಷ್ಮ ವಿಧಾನ ಬಂದಮೇಲೆ ಅನಿಲದ ಪ್ರಮಾಣ ತೀರಾ ಕಡಿಮೆಯಾಗಿದೆ. ಖರ್ಚೂ ಇಳಿಯುತ್ತದೆ, ಸಿಂಕಿಗೆ ಹೋಗುವ ವಿಷವೂ ಇಳಿಯುತ್ತದೆ. ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಕಡ್ಡಾಯ ಮಾಡಲಿ.

ಕಾಲೇಜಿನ ಇತರ ಅಪಾಯಗಳು, ಯುಪಿಎಸ್ ಕೋಣೆಯ ಬ್ಯಾಟರಿ, ಹಾಸ್ಟೆಲಿನ ಗ್ಯಾಸ್ ಸಿಲಿಂಡರು, ಮುಚ್ಚಳವಿಲ್ಲದ ಸಂಪು, ಇವೆಲ್ಲ ಮನೆಗಳಲ್ಲೂ ಇರುವಂಥವು. ಅವನ್ನು ಜನ ಬಲ್ಲರು. ಒಂದು ಮಾತನ್ನು ಮಾತ್ರ ಇಲ್ಲಿ ಸೇರಿಸಬೇಕು, ನೀರಿನದು. ಕಣ್ಣಿಗೆ ಆಮ್ಲ ಸಿಡಿದರೆ ಕನಿಷ್ಠ 15 ನಿಮಿಷ ಬಿಡದೆ ನೀರು ಹರಿಸಬೇಕು ಎಂಬುದು ಎಲ್ಲ ಕಡೆ ಒಪ್ಪಿದ ಲೆಕ್ಕ. ನಿಮಿಷಕ್ಕೆ ಒಂದೂವರೆ ಲೀಟರ್ ಎಂದರೆ ಸುಮಾರು 22 ಲೀಟರ್, ಹತ್ತಿರಹತ್ತಿರ ಎರಡು ಕೊಡ. ಮೈಮೇಲೆ ಬಿದ್ದರೆ ಬೇಕಾಗುವ ಸುರಕ್ಷತಾ ಶವರಿಗೆ ಅದೇ 15 ನಿಮಿಷಕ್ಕೆ ಸಾವಿರ ಲೀಟರಿನ ಟ್ಯಾಂಕು ಸಾಲದು. ರಾಯಚೂರು, ವಿಜಯಪುರದ ಕಡೆ ಮಾರ್ಚ್ ಏಪ್ರಿಲ್‌ನಲ್ಲಿ ಬೆಳಿಗ್ಗೆ ಹನ್ನೊಂದಕ್ಕೇ ಮೇಲಿನ ಟ್ಯಾಂಕು ಬರಿದಾಗುವ ಕಾಲೇಜಿನಲ್ಲಿ, ಪ್ರಾಕ್ಟಿಕಲ್ ಶುರುವಾಗುವ ಮುನ್ನ ಎರಡು ಕೊಡ ಚೊಕ್ಕ ನೀರು, ಒಂದು ಚೊಂಬು ತುಂಬಿಟ್ಟಿದೆಯೇ ಎಂದು ನೋಡುವುದೇ ನಿಜವಾದ ಸುರಕ್ಷತಾ ತಪಾಸಣೆ. ದುಬಾರಿ ಐವಾಷ್ ಯಂತ್ರವನ್ನು ಗೋಡೆಗೆ ಬಡಿದು ಅದಕ್ಕೆ ನೀರೇ ಕೊಡದಿರುವುದಕ್ಕಿಂತ ಈ ಎರಡು ಕೊಡ ಮಕ್ಕಳ ಕಣ್ಣನ್ನು ಚೆನ್ನಾಗಿ ಕಾಯುತ್ತವೆ.

ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ನ್ಯಾಕ್, ಕಾಲೇಜುಗಳ ಮೌಲ್ಯಮಾಪನ ಮಾಡುವಾಗ ಅಪಾಯಕಾರಿ ರಾಸಾಯನಿಕಗಳನ್ನು ಹೇಗೆ ನಿರ್ವಹಿಸುತ್ತೀರಿ ಎಂದು ಕೇಳುತ್ತದೆ. ಪರಿಸರ ಮತ್ತು ಇಂಧನ ಆಡಿಟ್ಟಿನ ವಿವರವನ್ನೂ ಕೇಳುತ್ತದೆ. ಪ್ರಶ್ನೆ ಸರಿಯಾಗಿಯೇ ಇದೆ. ನಾನು ನೋಡಿದ ಉತ್ತರಗಳಲ್ಲಿ ಮರಗಳ ಎಣಿಕೆ, ಎಲ್‌ಇಡಿ ಬಲ್ಬು, ಮಳೆನೀರು ಕೊಯ್ಲು, ಹಸಿರು ನೀಲಿ ಕಸದ ಬುಟ್ಟಿಗಳ ಫೋಟೋಗಳು ಪುಟಗಟ್ಟಲೆ ಇದ್ದವು, ಸ್ಟೋರ್ ರೂಮಿನ ಕಪಾಟಿಗೆ ಎರಡು ಸಾಲು. ಮರಗಳು ಬೇಕು, ಸಂತೋಷ. ಆದರೆ ಸಮಿತಿ ಬಂದ ದಿನ ಯಾರಾದರೊಬ್ಬರು ಆ ಕಪಾಟಿನ ಬಾಗಿಲನ್ನು ತೆಗೆಸಬೇಕು.

ಕೇಂದ್ರದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ತ್ಯಾಜ್ಯವನ್ನು 90 ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಸಣ್ಣ ಉತ್ಪಾದಕರಿಗೆ ರಾಜ್ಯ ಮಂಡಳಿ 180 ದಿನದವರೆಗೆ ಸಡಿಲಿಸಬಹುದು. ಮೂವತ್ತು ವರ್ಷದ ಬಾಟಲಿಯ ಮುಂದೆ ಈ ಅಂಕಿಗಳನ್ನು ಇಟ್ಟು ನೋಡಿ. ಬಾಟಲಿ ಸ್ಟಾಕ್ ರಿಜಿಸ್ಟರಿನಲ್ಲಿರುವವರೆಗೆ ಅದು ತ್ಯಾಜ್ಯವೇ ಆಗುವುದಿಲ್ಲ, ಆದ್ದರಿಂದ ನಿಯಮ ಅದನ್ನು ಮುಟ್ಟುವುದೂ ಇಲ್ಲ. ಬೆಂಗಳೂರಿನ ಹೊರಗೆ ದಾಬಸ್‌ಪೇಟೆಯಲ್ಲಿ ಅಪಾಯಕಾರಿ ತ್ಯಾಜ್ಯದ ವಿಲೇವಾರಿ ಘಟಕ ಇದೆ, ಕಾರ್ಖಾನೆಗಳ ತ್ಯಾಜ್ಯ ಅಲ್ಲಿಗೆ ಹೋಗುತ್ತದೆ. ಬೀದರ್‌ನ ಕಾಲೇಜೊಂದು ಆರು ಬಾಟಲಿಗಾಗಿ ಅಲ್ಲಿಗೆ ಲಾರಿ ಕಳಿಸಲು ಸಾಧ್ಯವೇ?

ಹಂಚಿಕೊಂಡರೆ ಸಾಧ್ಯ. ಇದಕ್ಕೆ ಮಾದರಿ ನಮ್ಮ ಊರುಗಳಲ್ಲೇ ಇದೆ. ತಾಲ್ಲೂಕಿನ ಹತ್ತು ಹಾಸಿಗೆಯ ನರ್ಸಿಂಗ್ ಹೋಮಿನ ಹಳದಿ ಚೀಲವನ್ನೂ ಒಯ್ಯಲು ಸಾಮೂಹಿಕ ವೈದ್ಯಕೀಯ ತ್ಯಾಜ್ಯ ಘಟಕದ ಗಾಡಿ ಬರುತ್ತದೆ. ಯಾವ ಆಸ್ಪತ್ರೆಯೂ ಸ್ವಂತ ಭಟ್ಟಿ ಕಟ್ಟಬೇಕಿಲ್ಲ. ಇದಕ್ಕೆ ಸಂಬಂಧಿಸಿದ 2016ರ ವೈದ್ಯಕೀಯ ತ್ಯಾಜ್ಯ ನಿಯಮಗಳು ಶಿಕ್ಷಣ ಸಂಸ್ಥೆಗಳನ್ನೂ ಹೆಸರಿಸುತ್ತವೆ. ಹಾಗೆಯೇ ಜಿಲ್ಲೆಯ ಪದವಿ ಕಾಲೇಜು, ಪಿಯು ಕಾಲೇಜು, ಪಾಲಿಟೆಕ್ನಿಕ್, ಫಾರ್ಮಸಿ ಕಾಲೇಜುಗಳೆಲ್ಲ ಸೇರಿ ವರ್ಷಕ್ಕೊಮ್ಮೆ ರಾಸಾಯನಿಕ ತ್ಯಾಜ್ಯದ ಗಾಡಿ ಕರೆಸಿಕೊಳ್ಳಬಹುದು. ಬಾಸ್ಟನ್ ನಗರದ ಫೆನ್‌ವೇ ಭಾಗದ ಸಣ್ಣ ಕಾಲೇಜುಗಳು ಒಕ್ಕೂಟ ಮಾಡಿಕೊಂಡು ಪರಿಸರ, ಆರೋಗ್ಯ, ಸುರಕ್ಷತೆಗೆ ಒಂದೇ ಕಚೇರಿಯನ್ನು ಹಂಚಿಕೊಂಡಿದ್ದವು. ಬ್ರಿಟನ್ನಿನ ಕ್ಲಿಯಾಪ್ಸ್ ಹುಟ್ಟಿದ್ದೂ 1963ರಲ್ಲಿ ಸ್ಥಳೀಯ ಶಿಕ್ಷಣ ಆಡಳಿತಗಳ ಕೂಟವಾಗಿ. ಈ ಬಾಟಲಿಯನ್ನು ಏನು ಮಾಡಲಿ ಎಂದು ಅಲ್ಲಿನ ಲ್ಯಾಬ್ ಸಹಾಯಕರು ನೇರವಾಗಿ ಫೋನ್ ಮಾಡಿ ಕೇಳಬಹುದು. ನಮ್ಮ ಅಟೆಂಡರಿಗೂ ಕನ್ನಡದಲ್ಲಿ ಉತ್ತರಿಸುವ ಅಂಥದೊಂದು ಫೋನ್ ನಂಬರು ಬೇಕು. ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಗಳು ಮನಸ್ಸು ಮಾಡಿದರೆ ಇದು ಕಷ್ಟದ ಕೆಲಸವಲ್ಲ.

ಪ್ರತಿ ಕಾಲೇಜಿನಲ್ಲೂ ಹೆಸರು ಹೇಳಿ ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಬೇಕು. ಇದು ಹೊಸ ಬೇಡಿಕೆಯೇನೂ ಅಲ್ಲ. ಆಸಿಡ್ ದಾಳಿಗಳ ವಿರುದ್ಧ ಲಕ್ಷ್ಮಿ ಎಂಬ ಸಂತ್ರಸ್ತೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಕೊಟ್ಟ ಆದೇಶ, ಅಂಗಡಿಗಳ ಜೊತೆ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಆಮ್ಲದ ಬಳಕೆಗೆ ರಿಜಿಸ್ಟರ್ ಇಟ್ಟು ಉಪವಿಭಾಗದ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಬೇಕು, ದಾಸ್ತಾನಿಗೆ ಒಬ್ಬ ವ್ಯಕ್ತಿ ಉತ್ತರದಾಯಿಯಾಗಿರಬೇಕು, ಲ್ಯಾಬಿನಿಂದ ಹೊರಡುವವರ ತಪಾಸಣೆಯಾಗಬೇಕು ಎಂದು ಅದು ಹೇಳಿದೆ. ಆಮ್ಲಕ್ಕೆ ನೇಮಿಸಿದ ಆ ಒಬ್ಬರಿಗೇ ಇಡೀ ಕಪಾಟಿನ ಹೊಣೆ ಕೊಡಬಹುದು. ಬರಿಯ ಹೊಣೆ ಹೊರಿಸಿದರೆ ಸಾಲದು. ವಾರಕ್ಕೆ ಎರಡು ಪಿರಿಯಡ್ ಅದಕ್ಕೆಂದೇ ಬಿಡುವು ಬೇಕು, ಸಣ್ಣದೊಂದು ಮೊತ್ತ ಅವರ ಕೈಯಲ್ಲಿರಬೇಕು, ಒಣಗಿದ ಪಿಕ್ರಿಕ್ ಆಮ್ಲ ಕಂಡಾಗ ಕೋಣೆಗೆ ಬೀಗ ಹಾಕಿ ಅಗ್ನಿಶಾಮಕ ದಳವನ್ನೂ ಪೊಲೀಸರನ್ನೂ ಕರೆಸುವ ಅಧಿಕಾರ ಇರಬೇಕು.

ಅಟೆಂಡರಿನ ಆರೋಗ್ಯ ಇದರ ಇನ್ನೊಂದು ಮುಖ. ಭೋಪಾಲದ ದುರಂತದ ನಂತರ, 1987ರಲ್ಲಿ ಕಾರ್ಖಾನೆಗಳ ಕಾಯ್ದೆ ತಿದ್ದಿದಾಗ ಅಪಾಯಕಾರಿ ಪ್ರಕ್ರಿಯೆಯಲ್ಲಿ ದುಡಿಯುವವರಿಗೆ ಆರೋಗ್ಯ ತಪಾಸಣೆ ಮಾಲೀಕರ ಕರ್ತವ್ಯವಾಯಿತು. ಕಾಲೇಜು ಕಾರ್ಖಾನೆ ಅಲ್ಲ, ಹಾಗಾಗಿ ಮೂವತ್ತು ವರ್ಷ ಆಮ್ಲದ ಆವಿ, ಫಾರ್ಮಲಿನ್ ಹೊಗೆಯಲ್ಲಿ ಕೆಲಸ ಮಾಡಿದ ಅಟೆಂಡರಿಗೆ ಅದು ಸಿಗಲಿಲ್ಲ. ಫಾರ್ಮಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಪ್ರಾಣಿಗಳ ಛೇದನ ನಿಲ್ಲಿಸಲು ಯುಜಿಸಿ 2011ರಲ್ಲೇ ಮಾರ್ಗಸೂಚಿ ಹೊರಡಿಸಿದರೂ ಹಳೆಯ ಕಪ್ಪೆಗಳ ಜಾಡಿಗಳಿಗೆ ಫಾರ್ಮಲಿನ್ ತುಂಬಿಸುವ ಕೆಲಸ ನಿಂತಿಲ್ಲ. ಕೈಗವಸು ಕೊಟ್ಟಿದ್ದೇವೆ ಎಂಬ ಉತ್ತರವೂ ಅರ್ಧ ಉತ್ತರ. 1996ರ ಆಗಸ್ಟ್‌ನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕರೆನ್ ವೆಟರ್‌ಹಾನ್ ಅವರ ಲ್ಯಾಟೆಕ್ಸ್ ಕೈಗವಸಿನ ಮೇಲೆ ಡೈಮೀಥೈಲ್ ಮರ್ಕ್ಯುರಿಯ ಕೆಲವು ಹನಿ ಬಿದ್ದವು. ವಿಷಕಾರಿ ಲೋಹಗಳ ಬಗ್ಗೆ ಅವರಷ್ಟು ಬಲ್ಲವರು ಕಡಿಮೆ. ಆ ಕೈಗವಸು ಆ ದ್ರವವನ್ನು ಕ್ಷಣಗಳಲ್ಲಿ ಒಳಬಿಡುತ್ತದೆ ಎಂಬುದು ಲೋಕಕ್ಕೆ ತಿಳಿದದ್ದು ಅವರ ದುರಂತದಿಂದ. 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ಅಂಥವರಿಗೇ ಹಾಗಾಗಬಹುದಾದರೆ, ಮೆಡಿಕಲ್ ಶಾಪಿನ ಕೈಗವಸು ಹಾಕಿಕೊಂಡು ನಿಂತ ಹುಡುಗ ಹುಡುಗಿಯರಿಗೆ ಯಾವ ದ್ರವಕ್ಕೆ ಯಾವ ಕೈಗವಸು ಎಂದು ಹೇಳಿಕೊಡದಿರುವುದು ಕ್ಷಮಿಸುವ ಮಾತಲ್ಲ.

ಮಕ್ಕಳ ಕಡೆಯಿಂದಲೂ ಒಂದು ಕೆಲಸ ಶುರುವಾಗಬಹುದು. ಬಿಎಸ್ಸಿ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ ಎಂಬ ತಲೆಬರಹಗಳಿವೆ. ಪ್ರಯೋಗ ಮುಗಿದ ಮೇಲೆ ಉಳಿದದ್ದು ಎಲ್ಲಿಗೆ ಹೋಯಿತು ಎಂದು ಬರೆಯಲು ಜಾಗವಿಲ್ಲ. ಅಧ್ಯಯನ ಮಂಡಳಿಗಳು ಆ ಒಂದು ಸಾಲನ್ನು ಸೇರಿಸಲಿ, ಅದಕ್ಕೆ ಒಂದು ಅಂಕ ಇಡಲಿ. ಡೈಕ್ರೋಮೇಟಿನ ಉಳಿಕೆಗೆ ಫೆರಸ್ ಸಲ್ಫೇಟ್ ಹಾಕಿ ಅಪಾಯ ತಗ್ಗಿಸಿ, ಸುಣ್ಣ ಬೆರೆಸಿ ತಳಕ್ಕಿಳಿಸಿದೆ ಎಂದು ಹುಡುಗಿಯೊಬ್ಬಳು ಬರೆಯಬೇಕಾದರೆ ಅದನ್ನು ಮಾಡಿಯೇ ಬರೆಯಬೇಕಾಗುತ್ತದೆ. ಪರೀಕ್ಷೆಗೆ ಬಂದವರು ವೈವಾದಲ್ಲಿ, "ಈಗ ನಿನ್ನ ಬೀಕರಿನಲ್ಲಿ ಉಳಿದದ್ದನ್ನು ಎಲ್ಲಿ ಹಾಕ್ತೀಯಮ್ಮ?" ಎಂದು ಕೇಳಲಿ. ಆ ಪ್ರಶ್ನೆಗೆ ಉತ್ತರ ಇರಬೇಕಾದರೆ ಮೇಜಿನ ತುದಿಯಲ್ಲಿ ಲೇಬಲ್ ಅಂಟಿಸಿದ ಕ್ಯಾನ್ ಇರಲೇಬೇಕು, ಕ್ಯಾನ್ ತುಂಬಿದಾಗ ಒಯ್ಯಲು ಗಾಡಿ ಬರಲೇಬೇಕು.